ತಮ್ಮನ ಹೆಸರಿನ ಕಾರ್ಡು

ಚಾಟಿ ಗಲ್ಲಿ, ಸೊಲ್ಲಾಪುರ
೧೨-೩-೧೯೭೬

ಚಿ. ಶಾಂತಲಿಂಗಪ್ಪಗ ಅಣ್ಣ ಮಾಡುವ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತು. ನೀನು, ಗಿರಿಜಾ ಇಬ್ಬರೂ ಲಂಡನ್ನಿನ ಥಂಡಿಯೊಳಗ ಆರಾಮ ಇದ್ದೀರಿ ಅಂತ ತಿಳದು ಸಮಾಧಾನ ಆತು. ಇಲ್ಲಿ ಎಲ್ಲಾರೂ ಸುಖ. ಮಗಳು ಕಸ್ತೂರಿ ಮ್ಯಾಟ್ರಿಕ್ ಪರೀಕ್ಷಾಕ ಕುಂತಾಳ. ಮಂದಿಯೊಳಗ ಬಾಯಿ ಬಿಡೂದಿಲ್ಲ, ಮನ್ಯಾಗ ಮಾತ್ರ ಅವರವ್ವನ್ನ, ನಿಮ್ಮ ವೈನಿನ್ನ, ಅಕಿನ ಆಳತಾಳ.

ಒಂದು ಸುದ್ದಿ ಅದ, ನಗಬ್ಯಾಡ. ನಾ ಜರ್ಮನಿಗೆ ಹೊಂಟೀನಿ. ಹ್ಯಾಂಬರ್ಗ್ ಅಂತ ಒಂದು ಬಂದರದ ಊರು. ಅಲ್ಲಿಯ ಒಬ್ಬ ವ್ಯಾಪಾರಿ ಹೋದ ವರ್ಷ ಮುಂಬೈದಾಗ ನಮ್ಮ ದುಕಾನದ ಚಾದರ ನೋಡಿದ್ದ. ಅದರಾಗ ನವಿಲಿನ ಚಾದರ ಅವನ ಮನಸ್ಸಿಗೆ ಬಂದದ. “ನಮೂನಾ ತಗೊಂಡು ನೀವ ಬರ್ರಿ, ಎದುರು ಕುಂತು ಮಾತಾಡೋಣು” ಅಂತ ಬರದಾನ. ಇಷ್ಟು ದಿನ ನಮ್ಮ ಮಾಲು ಮುಂಬೈದ ದಲಾಲರು ತಮ್ಮ ಹೆಸರಲೆ ಪರದೇಶಕ ಕಳಸತಿದ್ರು. ಒಂದ ಸಲ ನಮ್ಮ ಹೆಸರಲೆ ಹೋಗಲಿ ಅಂತ ನನಗ ಆಶಾ.

ಪಾಸ್‌ಪೋರ್ಟ್ ಬಂತು. ಫೋಟೋದಾಗ ಕಳ್ಳನ ಹಂಗ ಕಾಣತೀನಿ ಅಂತ ನಿಮ್ಮ ವೈನಿ ನಗತಾಳ. ತ್ರಾಸ ಇರೋದು ರೊಕ್ಕದ್ದು. ಎಷ್ಟು ದಿನ ಇರತೀರಿ ಅಂತ ಕೇಳಿ ರಿಝರ್ವ್ ಬ್ಯಾಂಕಿನವರು ಅಷ್ಟಕ್ಕ ಅಳದು ಪರದೇಶಿ ರೊಕ್ಕ ಕೊಡತಾರ. ಒಂದೆರಡು ದಿನ ಹೆಚ್ಚಾದ್ರ ಬೀದಿಗೆ ಬೀಳೂದ. ಇಲ್ಲಿಂದ ರೂಪಾಯಿ ಒಯ್ದ್ರ ಅಲ್ಲಿ ಯಾರು ಕೇಳತಾರ?

ಅದಕ್ಕ ಮೊದಲ ನಿನ್ನ ಕಡೆ ಬಂದು ಎಂಟು ದಿನ ಇದ್ದು, ಆಮ್ಯಾಲ ಹ್ಯಾಂಬರ್ಗಿಗೆ ಹೋಗಬೇಕಂತ ಮಾಡೀನಿ. ನಿನ್ನ ನೋಡಿ ಒಂಬತ್ತು ವರ್ಷ ಆತು. ಅಪ್ಪ ಹೋದಾಗ ನೀ ನನ್ನ ಸೊಂಟದಷ್ಟು ಇದ್ದಿ. ನಮ್ಮಿಬ್ಬರದಾಗ ಕಲತಂವ ನೀ ಒಬ್ಬನ. ಆ ಮಂದ್ಯಾಗ ಹ್ಯಾಂಗ ಕೂಡಬೇಕು, ಹ್ಯಾಂಗ ಮಾತಾಡಬೇಕು, ನೀ ಹೇಳಿಕೊಡಬೇಕು.

ನಿನ್ನ ಅಣ್ಣ,
ಅಣ್ಣಾರಾಯ ಮೈಂದರ್ಗಿ


ಲಂಡನ್
೨-೪-೧೯೭೬

ತೀರ್ಥರೂಪ ಅಣ್ಣನವರಿಗೆ ಶರಣು.

ನಿಮ್ಮ ಪತ್ರ ಓದಿ ಕುಣದಾಡೂದು ಒಂದ ಬಾಕಿ ಇತ್ತು. ಗಿರಿಜಾ ಈಗಿಂದಲೇ ನಿಮ್ಮ ಸಲುವಾಗಿ ಖೋಲಿ ಹಸನ ಮಾಡಾಕತ್ತಾಳ. ಜೋಳದ ಹಿಟ್ಟು ಇಲ್ಲಿ ಸಿಗೂದಿಲ್ಲ. ಸ್ವಲ್ಪ ತರ್ರಿ, ನಿಮ್ಮ ಸಲುವಾಗಿ ಅಲ್ಲ, ನಮ್ಮ ಸಲುವಾಗಿ.

ರೊಕ್ಕದ ಚಿಂತಿ ಬಿಡ್ರಿ. ಇಲ್ಲಿ ಈಗ ಕ್ರೆಡಿಟ್ ಕಾರ್ಡು ಅಂತ ಬಂದದ. ಇಸ್ಪೀಟ ಎಲಿಗಿಂತ ಸ್ವಲ್ಪ ಸಣ್ಣದು, ಪ್ಲಾಸ್ಟಿಕ್ಕಿಂದು, ಅದರ ಮ್ಯಾಲ ಹೆಸರು ಉಬ್ಬಿರತದ. ಅಂಗಡಿಯವ ಅದನ್ನ ಒಂದು ಮಷೀನಿನಾಗ ಇಟ್ಟು ಹಿಡಿ ಎಳದ್ರ ಕಾರ್ಬನ್ ಕಾಗದದ ಮ್ಯಾಲ ಹೆಸರು ಮೂಡತದ. ಕೆಳಗ ಸಹಿ ಹಾಕಿದ್ರ ಮುಗೀತು. ಬಿಲ್ಲು ಆಮ್ಯಾಲ ನನ್ನ ಮನಿಗೆ ಬರತದ. ಜರ್ಮನಿಯ ಹೋಟೆಲಿನ್ಯಾಗೂ ಇದು ನಡೀತದ.

ನನಗ ಆಗ ರಜಾ ಸಿಗೂ ಹಂಗಿಲ್ಲ. ನಮ್ಮ ವಿಮಾ ಕಂಪನಿಯೊಳಗ ಒಬ್ಬರಿಗೆ ಮ್ಯಾಲಿನ ಜಾಗಾ ಕೊಡವರಿದ್ದಾರ, ನನ್ನ ಹೆಸರು ಮಾತಿನ್ಯಾಗ ಅದ. ನಿಮ್ಮ ಸಂಗಾಟ ನಾ ಬರಲಿಕ್ಕಿಲ್ಲ, ನನ್ನ ಕಾರ್ಡು ಬರತದ. ಅದು ನನ್ನ ಹೆಸರಲೆ ಅದ, ಖರೇ. ಆದ್ರ ಹೆಸರು ಓದವರ್ಯಾರು? ನಮ್ಮ ಹೆಸರು ಇವರ ನಾಲಿಗಿಗೆ ಹೊಳ್ಳೂದ ಇಲ್ಲ. ನನ್ನ ಸಹಿ ಒಂದು ಕಲತ್ರ ಆತು. ನಾ ಇದ್ದೀನಲ್ಲ, ನೀವು ಅಂಜಬ್ಯಾಡ್ರಿ.

ನಿಮ್ಮ ದಾರಿ ನೋಡುವ
ಶಾಂತಲಿಂಗಪ್ಪ


ಹ್ಯಾಂಬರ್ಗ್
೯-೬-೧೯೭೬

ಚಿ. ಶಾಂತೂಗ ಆಶೀರ್ವಾದ.

ಮರಾಠಿ ಸಾಲಿಯವ ನಾ, ಕನ್ನಡದಾಗ ತಪ್ಪು ಇದ್ರ ನಗಬ್ಯಾಡ. ಇಲ್ಲಿ ಹೊತ್ತು ಮುಣಗೂದ ಇಲ್ಲ. ರಾತ್ರಿ ಊಟದ ವ್ಯಾಳ್ಯಾಕ್ಕೂ ಬಿಸಲು ಇರತದ. ಉಣ್ಣಾಕ ಮಾತ್ರ ಏನೂ ಇಲ್ಲ. ಹಾಲು, ಬ್ರೆಡ್ಡು, ಬಾಳಿಹಣ್ಣಿನ ಮ್ಯಾಲ ಇದ್ದೀನಿ. ಗಿರಿಜಾ ಕಟ್ಟಿಕೊಟ್ಟ ರೊಟ್ಟಿ ನಿನ್ನೆ ಮುಗದುವು.

ವ್ಯಾಪಾರಿಯ ಆಫೀಸಿಗೆ ಹೋಗಿದ್ದೆ. ಅಂವ ಬ್ಯಾರೆ ಊರಿಗೆ ಹೋಗ್ಯಾನಂತ, ಸೋಮವಾರ ಬರತಾನಂತ. ಅವನ ಕೈಕೆಳಗ ಕೆಲಸ ಮಾಡೂ ಹೆಣಮಗಳು ನವಿಲಿನ ಚಾದರ ಬಿಚ್ಚಿ ನೋಡಿ, ಕೆನ್ನಿಗೆ ಹಚ್ಚಿಕೊಂಡು, ಏನೋ ಅಂದಳು. ತಿಳೀಲಿಲ್ಲ, ಆದ್ರ ಒಳ್ಳೇದ ಅಂದಿರಬೇಕು. ಇಷ್ಟು ದೂರ ಬಂದು ಹಂಗ ಹೊಳ್ಳಿ ಹೋಗೂದು ಸರಿ ಅಲ್ಲ. ಬ್ಯಾಂಕಿನವರು ಕೊಟ್ಟ ರೊಕ್ಕ ನಾಳಿಗೆ ಮುಗೀತದ. ಅದಕ್ಕ ಹೋಟೆಲಿನವಂಗ ನಿನ್ನ ಕಾರ್ಡು ಕೊಡಬೇಕಂತ ಮಾಡೀನಿ.

ಲಂಡನ್ನಿನ ಆ ಅಂಗಡ್ಯಾಗ ನನಗ ಕೋಟು ಕೊಡಿಸಿ, ನನ್ನ ಕೈಲೆ ಸಹಿ ಮಾಡಿಸಿದಿಯಲ್ಲ, ಆಗ ನೀ ಬಾಜೂಕ ಇದ್ದಿ, ಧೈರ್ಯ ಇತ್ತು. ಅಂಗಡಿಯವ “ಥ್ಯಾಂಕ್ ಯೂ ಮಿಸ್ಟರ್ ಮೈಂದರ್ಗಿ” ಅಂದಾಗ ಇಬ್ಬರೂ ಹೊರಗ ಬಂದು ಹುಡುಗೂರಗತೆ ನಕ್ಕಿವಿ. ಇಲ್ಲಿ ಒಬ್ಬನ ಕುಂತು ನಿನ್ನ ಸಹಿ ಮಾಡಿ ಮಾಡಿ ನೋಡಿದೆ. ನೀ ಸಣ್ಣವ ಇದ್ದಾಗ ನಿನ್ನ ಸಾಲಿ ಮಾಸ್ತರ್ರು ಅಪ್ಪನ ಸಹಿ ಕೇಳಿದ್ರ ನಾ ಹಾಕತಿದ್ದೆ. ಈಗ ನಿಂದ ನಾ ಹಾಕಾಕತ್ತೀನಿ.

ಸೋಮವಾರದ ಮಾತು ಆದ ಕೂಡಲೆ ಲಂಡನ್ನಿಗೆ ಬರತೀನಿ. ಹೋಟೆಲಿಂದು ಫೋನು ಗೀನು ಬಂದ್ರ ನೀ ಮಾತಾಡು.

ನಿನ್ನ ಅಣ್ಣ


ಲಂಡನ್
೨೪-೬-೧೯೭೬

ತೀರ್ಥರೂಪ ಅಣ್ಣನವರಿಗೆ.

ಏನು ಬರೀಬೇಕು ತಿಳಿವಲ್ದು. ನೀವು ಲಂಡನ್ನಿಗೆ ಬರತೀರಂತ ವಿಮಾನ ಇಳಿಯೋ ಕಡೆ ಹೋಗಿ ಕುಂತಿದ್ದೆ. ಹ್ಯಾಂಬರ್ಗಿನಿಂದ ಬಂದವರೆಲ್ಲಾ ಇಳದು ಹೋದ್ರು. ನೀವು ನೆಟ್ಟಗ ಮುಂಬೈಕ ಹೋಗೀರಂತ ಆಮ್ಯಾಲ ಗೊತ್ತಾತು.

ನಡದದ್ದು ಹಿಂಗ. ಶುಕ್ರವಾರ ಕಾರ್ಡಿನ ಕಂಪನಿಯಿಂದ ನನ್ನ ಆಫೀಸಿಗೆ ಫೋನು ಬಂತು. ನನ್ನ ಕಾರ್ಡು ಹ್ಯಾಂಬರ್ಗಿನ ಒಂದು ಹೋಟೆಲಿನ್ಯಾಗ ಯಾರೋ ತೋರಿಸ್ಯಾರ, ನೀವು ಕೊಟ್ಟೀರೇನು ಅಂತ ಕೇಳಿದ್ರು. ನೀವು ಎಲ್ಲೋ ಕಾರ್ಡು ಕಳಕೊಂಡೀರಿ, ಅದು ಕಳ್ಳರ ಕೈಗೆ ಬಿದ್ದದ ಅಂತ ನಾ ತಿಳಕೊಂಡೆ. ಅದಕ್ಕ “ಕೊಟ್ಟಿಲ್ಲ” ಅಂದೆ. ಸೋಮವಾರ ಸಂಜಿಗೆ ಹೋಟೆಲಿಗೆ ಫೋನ್ ಮಾಡಿದಾಗಲೇ ಪೊಲೀಸರು ನಿಮ್ಮನ್ನ ಹಿಡಕೊಂಡು ಹೋಗಿದ್ರಂತ ತಿಳೀತು. ಅಷ್ಟೊತ್ತಿಗೆ ನಿಮ್ಮನ್ನ ಬಿಟ್ಟು ವಿಮಾನ ಹತ್ತಿಸಿದ್ರು.

ತಪ್ಪು ತಿಳುವಳಿಕಿಯಿಂದ ಆದದ್ದು, ಅಣ್ಣಾ. ಒಂದು ಸಾಲು ಬರೀರಿ. ಬಯ್ದಾದ್ರೂ ಬರೀರಿ.

ಶಾಂತಲಿಂಗಪ್ಪ


ಸೊಲ್ಲಾಪುರ
೧೮-೯-೧೯೭೬

ಚಿ. ಶಾಂತಲಿಂಗಪ್ಪಗ ವೈನಿಯ ಆಶೀರ್ವಾದ.

ನಿನ್ನ ಮೂರು ಪತ್ರ ಬಂದು ಬಿದ್ದಾವ. ಅವರು ಒಂದೂ ಒಡಿಲಿಲ್ಲ. ನಾ ಒಡದು ಓದಾಕ ಕುಂತ್ರ ಎದ್ದು ಅಂಗಿ ಹಾಕ್ಕೊಂಡು ದುಕಾನಕ ಹೋಗತಾರ. ಅದಕ್ಕ ನಾ ಬರೀತೀನಿ.

ಅವರು ಬಂದ ದಿನ ನಾವು ಸ್ಟೇಶನ್ನಿಗೆ ಹೋಗಿರಲಿಲ್ಲ. ಬರೋ ತಾರೀಖು ಇನ್ನೂ ದೂರ ಇತ್ತು. ಟಾಂಗಾದಿಂದ ಇಳದ್ರು. ಮೈಮ್ಯಾಲ ಕೋಟು ಇರಲಿಲ್ಲ, ನಮೂನಾದ ಗಂಟೂ ಇರಲಿಲ್ಲ. ಕಸ್ತೂರಿ ಓಡಿ ಹೋಗಿ “ಅಪ್ಪಾ, ಏನು ತಂದಿ?” ಅಂದಳು. ಅಕಿನ ತಲಿ ಮ್ಯಾಲ ಕೈ ಇಟ್ಟು ಬಚ್ಚಲಕ್ಕ ಹೋದ್ರು. ನೀರು ಸುರಕೊಳ್ಳೋ ಸಪ್ಪಳ ಬಾಳೊತ್ತು ಕೇಳತಿತ್ತು.

ಹೋಟೆಲಿನವಂಗ ಪಾಸ್‌ಪೋರ್ಟಿನ ಹೆಸರಿಗೂ ಕಾರ್ಡಿನ ಹೆಸರಿಗೂ ತಾಳೆ ಬೀಳಲಿಲ್ಲಂತ. ಒಂದು ರಾತ್ರಿ ಪೊಲೀಸ್ ಚೌಕಿಯೊಳಗ ಕುಂಡ್ರಿಸಿದ್ರಂತ. ಸೋಮವಾರ ಆ ವ್ಯಾಪಾರಿ ಬಂದ, ಪೊಲೀಸರ ಸುದ್ದಿ ಕೇಳಿ ಭೆಟ್ಟಿ ಆಗೂದಿಲ್ಲ ಅಂದನಂತ. ಇಷ್ಟ ಹೇಳಿದ್ರು. ಗಲ್ಲಿಯೊಳಗಿನ ಮಂದಿ “ಜರ್ಮನಿ ಸಾಹುಕಾರ್ರು ಬಂದ್ರು” ಅಂತ ಚಾಷ್ಟಿ ಮಾಡಿದ್ರ ನಗತಾರ. ಮನಿಗೆ ಬಂದು ಊಟಕ್ಕ ಕುಂತ್ರ ಅರ್ಧಕ್ಕ ಏಳತಾರ.

ಒಂದು ಮಾತು ಕೇಳತೀನಿ, ಸಿಟ್ಟು ಮಾಡಬ್ಯಾಡ. ಹೋಟೆಲಿನ ಪುಸ್ತಕದಾಗ ಇವರ ಹೆಸರು ಇತ್ತು. ಪಾಸ್‌ಪೋರ್ಟ್ ಹೋಟೆಲಿನವರ ಕೈಯಾಗ ಇತ್ತು. ಫೋನ್ ಮಾಡಿದವರು ನಿನಗ ಆ ಹೆಸರು ಹೇಳದನ ಕೇಳಿದ್ರೇನು?

ನೀ ಈ ಮನಿಯೊಳಗ ಎಂಟು ವರ್ಷದವ ಇದ್ದಾಗ ನಾ ಬಂದೀನಿ. ಸುಳ್ಳು ಹೇಳಬೇಕಾದ್ರ ಎಲ್ಲಾ ಬಿಡಿಸಿ ಬಿಡಿಸಿ ಹೇಳತಿದ್ದಿ. ಈ ಪತ್ರಾನೂ ಹಂಗ ಅನಸ್ತು.

ನಿಮ್ಮ ವೈನಿ,
ನೀಲಾಬಾಯಿ


ಲಂಡನ್
೧೦-೧೦-೧೯೭೬

ಸೌ. ವೈನಿಯವರಿಗೆ ಶರಣು.

ಹೇಳಿದ್ರು. ಹೆಸರು ಹೇಳಿದ್ರು.

ನನ್ನ ಮೇಜಿನ ಮ್ಯಾಲಿನ ಫೋನಿನ್ಯಾಗ ಮಾತಾಡತಿದ್ದೆ. ನಮ್ಮ ಸಾಹೇಬ ಎದುರಿಗೇ ನಿಂತಿದ್ದ, ಯಾವುದೋ ಕಾಗದ ಕೇಳಾಕ ಬಂದಿದ್ದ. ಕಾರ್ಡು ಎರಡನೆಯವರ ಕೈಗೆ ಕೊಡೂದು ದೊಡ್ಡ ತಪ್ಪು, ಅದು ಅಪರಾಧಾನೂ ಆಗಬಹುದು ಅಂತ ಆ ಕಡಿಂದ ಹೇಳಿದ್ರು. ಆಮ್ಯಾಲ “ಪೊಲೀಸರ ಕಡೆ ಇರೋ ಈ ಮನಷ್ಯಾನ ಹೆಸರು ಅಣ್ಣಾರಾಯ ಮೈಂದರ್ಗಿ. ಕಾರ್ಡು ತಮ್ಮ ಕೊಟ್ಟಾನ ಅಂತಾನ. ನೀವು ಕೊಟ್ಟೀರೇನು?” ಅಂದ್ರು.

ನಾ ಕೊಟ್ಟಿಲ್ಲ ಅಂದೆ.

“ಅಡ್ಡಹೆಸರು ಒಂದ ಅದಲ್ಲ, ನಿಮ್ಮ ಸಂಬಂಧಿಕರೇನು?” ಅಂತ ಕೇಳಿದ್ರು. “ನಮ್ಮ ಕಡೆ ಈ ಅಡ್ಡಹೆಸರು ಬಾಳ ಮಂದಿಗೆ ಇರತದ” ಅಂದೆ.

ವೈನಿ, ಅದು ಸುಳ್ಳಲ್ಲ. ಮೈಂದರ್ಗಿಯಿಂದ ಬಂದವರೆಲ್ಲಾ ಮೈಂದರ್ಗಿಯವರ. ಸುಳ್ಳಲ್ಲದ ಮಾತು ಹುಡಿಕಿ ಹೇಳಿದೆನಲ್ಲ, ಅದಕ್ಕ ನಿದ್ದಿ ಬರೂದಿಲ್ಲ. ಫೋನ್ ಇಟ್ಟ ಮ್ಯಾಲ ಸಾಹೇಬ “ಏನಾದ್ರೂ ತೊಂದ್ರಿ?” ಅಂದ. “ಏನಿಲ್ಲ” ಅಂದೆ. ಅವನು ಕೇಳಿದ ಕಾಗದ ಹುಡಿಕಿ ಕೊಟ್ಟೆ.

ಸಂಜಿಗೆ ಮನಿಗೆ ಬಂದು ಗಿರಿಜಾಗ ಹೇಳಿದೆ. ಅಕಿ ಒಲಿ ಆರಿಸಿ, “ಈಗಿಂದೀಗ ತಿರುಗಿ ಫೋನ್ ಮಾಡ್ರಿ, ನಮ್ಮಣ್ಣ ಅಂತ ಹೇಳ್ರಿ” ಅಂದಳು. ಅವರ ಆಫೀಸು ಮುಚ್ಚಿರತದ, ಸೋಮವಾರ ಮಾಡತೀನಿ ಅಂದೆ. ಪೊಲೀಸರ ಆಫೀಸು ಮುಚ್ಚೂದಿಲ್ಲ ಅಂತ ಅಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಶನಿವಾರ, ರವಿವಾರ ಹಂಗ ಕಳದುವು.

ಆ ಮ್ಯಾಲಿನ ಜಾಗಾ ನನಗ ಸಿಕ್ಕದ. ಆಗಸ್ಟ್‌ದಾಗ ಸಿಕ್ಕಿತು. ನಿಮಗ ಬರೀಲಿಲ್ಲ.

ಅಣ್ಣಗ ಇದನ್ನ ಹೇಳೂದು ಬಿಡೂದು ನಿಮಗ ಬಿಟ್ಟದ್ದು.

ಶಾಂತಲಿಂಗಪ್ಪ


ಅಕ್ಕಲಕೋಟೆ
೨೨-೧೨-೧೯೭೬

ಚಿ. ಶಾಂತಲಿಂಗಪ್ಪಗ ಆಶೀರ್ವಾದ.

ನಾವು ನಿಮ್ಮಕ್ಕ ಮುಕ್ತಾಬಾಯಿಯ ಮನಿಗೆ ಬಂದೀವಿ. ಹೊಲದಾಗ ಎಳೆ ಜೋಳ ಬಂದದ. ಸೀತನಿ ಸುಟ್ಟು ತಿನ್ನಾಕ ಬರ್ರಿ ಅಂತ ಅಕಿ ಕರದಿದ್ಲು. ನಿಮ್ಮಣ್ಣ ಎಲ್ಲಿಗೂ ಹೋಗೂದು ಬಿಟ್ಟಾರ. ಅಕ್ಕನ ಮಾತು ಅಂತ ಹೊಂಟ್ರು.

ನಿನ್ನ ಪತ್ರದ ಸುದ್ದಿ ನಾ ಅವರಿಗೆ ಹೇಳಿರಲಿಲ್ಲ, ಬಾಯಿ ಬರಲಿಲ್ಲ. ನಿನ್ನೆ ಹೊಲದಾಗ ಮುಕ್ತಾಬಾಯಿ ತೆನಿ ಬಡೀತಾ ತಾನ ಮಾತು ತೆಗದಳು. ಎಷ್ಟು ಗೊತ್ತಿತ್ತೋ ಅಷ್ಟರ ಮ್ಯಾಲ ನಿನಗ ಬಯ್ಯಾಕ ಹತ್ತಿದಳು. “ತಾಯಿ ಇಲ್ಲದ ಕೂಸಂತ ಹೆಗಲ ಮ್ಯಾಲ ಹೊತಗೊಂಡು ತಿರಗಿದಿ. ಅಂವ ನಿನ್ನ ಪರದೇಶದಾಗ ಪೊಲೀಸರ ಕೈಯಾಗ ಕೊಟ್ಟ. ನನ್ನ ಬಾಗಲಾಗ ಬರಲಿ ಅಂವ” ಅಂದಳು.

ಅವರು ಕೈಯಾಗಿನ ಕಾಳು ಕೆಳಗ ಇಟ್ಟರು. “ಅಕ್ಕಾ, ಅವಂಗ ಏನೂ ಅನಬ್ಯಾಡ. ಕಾರ್ಡು ಕದ್ದವ ನಾ” ಅಂದ್ರು.

ಮುಕ್ತಾಬಾಯಿ ತೆನಿ ಬಡಿಯೂದು ಬಿಟ್ಟಳು. ಆಗ ಹೇಳಿದ್ರು. ಚೌಕಿಯೊಳಗ ಇವರ ಮಾತು ಯಾರಿಗೂ ತಿಳೀಲಿಲ್ಲಂತ. ಅಲ್ಲಿಯ ದವಾಖಾನಿಯೊಳಗ ನರ್ಸ್ ಇದ್ದ ಸಾಂಗ್ಲಿ ಕಡೆಯ ಒಬ್ಬ ಬಾಯಿನ್ನ ಕರಸಿದ್ರಂತ. ಇವರು ಮರಾಠಿಯೊಳಗ ಹೇಳೂದು, ಅಕಿ ಜರ್ಮನ್‌ದಾಗ ಹೇಳೂದು. ಮೊದಲ ಇವರು ಧೈರ್ಯದಿಂದ “ನನ್ನ ತಮ್ಮ ಕೊಟ್ಟಾನ, ಅವಂಗ ಕೇಳ್ರಿ” ಅಂದ್ರಂತ. ಅವರು ಕೇಳಿ ಬಂದ್ರು. ಆ ಬಾಯಿ ಇವರ ಮಾರಿ ನೋಡಲಾರದ, “ಕಾಕಾ, ಅವರು ಕೊಟ್ಟಿಲ್ಲಂತ. ನೀವು ಯಾರೋ ಗೊತ್ತಿಲ್ಲಂತ” ಅಂದಳಂತ.

“ಆಮ್ಯಾಲ ನೀವೇನಂದ್ರಿ?” ಅಂತ ನಾ ಕೇಳಿದೆ.

“ಏನನ್ನಲಿ? ಅಂವ ಕೊಟ್ಟಾನ ಅಂತ ಹಟ ಹಿಡದ್ರ ಅವನ ಮಾತು ಸುಳ್ಳಾಗತದ, ಅಲ್ಲಿ ಅವನ ನೌಕರಿ ಹೋಗತದ. ಹೌದು, ಕೊಟ್ಟಿಲ್ಲ, ಅವನ ಮನಿಗೆ ಹೋದಾಗ ನಾನ ಅವನ ಕೋಟಿನ ಕಿಸೆದಾಗಿಂದ ತಗೊಂಡೆ ಅಂದೆ. ಆ ಬಾಯಿ ಅಳಾಕ ಹತ್ತಿದಳು. ಅಳಬ್ಯಾಡವಾ, ಹೇಳು ಅಂದೆ. ಹೇಳಿದಳು, ಅವರು ಬರಕೊಂಡ್ರು, ನಾ ಸಹಿ ಹಾಕಿದೆ. ನನ್ನ ಹೆಸರಲೆ ಹಾಕಿದೆ.”

ಮುಕ್ತಾಬಾಯಿ ಸೆರಗು ಬಾಯಿಗೆ ಹಿಡಕೊಂಡು ಕುಂತಳು. ಅವರು ಎದ್ದು ಭಾವಿ ಕಡೆ ಹೋದ್ರು.

ಅವರನ್ನ ಬಿಟ್ಟದ್ದು ಹಿಂಗ. ಕದ್ದೀನಿ ಅಂತ ಒಪ್ಪಿದ್ರು, ಆ ಬಾಯಿ ಕಡೆ ರೊಕ್ಕ ಇಸಗೊಂಡು ದಂಡ ಕಟ್ಟಿದ್ರು, ಮತ್ತ ಈ ದೇಶಕ್ಕ ಬರಬ್ಯಾಡ ಅಂದ್ರು. ಕೋಟು ಹೋಟೆಲಿನ್ಯಾಗ ಬಿಟ್ಟು ಬಂದಾರ, ಚಾದರ ಆ ನರ್ಸ್ ಬಾಯಿಗೆ ಕೊಟ್ಟಾರ.

ನಿನಗ ಇದನ್ನ ತಿಳಿಸಬ್ಯಾಡ ಅಂತ ಆಣಿ ಹಾಕ್ಯಾರ. ಆಣಿ ಮುರದು ಬರದೀನಿ. ನಿನಗ ಗೊತ್ತಿರದಿದ್ರ ನಾ ಬದುಕಿದಷ್ಟು ದಿನ ನಿನ್ನ ಪತ್ರ ಓದಾಕ ಆಗತಿರಲಿಲ್ಲ.

ನೀಲಾಬಾಯಿ


ಲಂಡನ್
೬-೩-೧೯೭೭

ತೀರ್ಥರೂಪ ಅಣ್ಣನವರಿಗೆ ಶಾಂತಲಿಂಗಪ್ಪನ ಶರಣು.

ವೈನಿ ಬರದಿದ್ದಕ್ಕ ಅವರ ಮ್ಯಾಲ ಸಿಟ್ಟಾಗಬ್ಯಾಡ್ರಿ.

ಜನವರಿಯೊಳಗ ನಾ ಹ್ಯಾಂಬರ್ಗಿನ ಪೊಲೀಸರಿಗೆ ಬರದೆ, ಕಾರ್ಡಿನ ಕಂಪನಿಗೆ ಬರದೆ, ನಮ್ಮ ಸಾಹೇಬಗ ಎದುರು ನಿಂತು ಹೇಳಿದೆ. ಕಾರ್ಡು ನಾನ ನನ್ನ ಕೈಯಾರೆ ಅಣ್ಣಗ ಕೊಟ್ಟಿದ್ದೆ, ಸಹಿ ನಾನ ಕಲಿಸಿದ್ದೆ, ಫೋನಿನ್ಯಾಗ ಸುಳ್ಳು ಹೇಳಿದೆ ಅಂತ ಎಲ್ಲಾ.

ಕಂಪನಿಯವರು ಕಾರ್ಡು ಕಿತಗೊಂಡ್ರು. ಮತ್ತ ಹಿಂಗ ಮಾಡಬ್ಯಾಡ್ರಿ ಅಂತ ಒಂದು ಕಾಗದ ಬಂತು. ಹ್ಯಾಂಬರ್ಗಿನವರು ನಿಮ್ಮ ಮ್ಯಾಲಿನ ಕಳವಿನ ಮಾತು ತಗದು ಹಾಕೀವಿ ಅಂತ ಬರದಾರ. ನಮ್ಮ ಸಾಹೇಬ ಕಿಡಕಿ ಕಡೆ ನೋಡತಾ ಕೇಳಿದ. “ಇದು ಆಫೀಸಿನ ವಿಷಯ ಅಲ್ಲ, ಆದ್ರ ನಿನಗ ಅಣ್ಣ ಇದ್ದಾನ ಅಂತ ನನಗ ಗೊತ್ತಿರಲಿಲ್ಲ” ಅಂದ. ಅಷ್ಟ. ಆಮ್ಯಾಲ ಚಹಾ ತರಿಸಿದ.

ಯಾರೂ ನನ್ನ ಹಿಡೀಲಿಲ್ಲ, ನೌಕರಿ ಹೋಗಲಿಲ್ಲ. ಆ ಶುಕ್ರವಾರ ನಾ ಹೌದು ಅಂದಿದ್ರೂ ಇಷ್ಟ ಆಗತಿತ್ತು. ಇಷ್ಟಕ್ಕ ನಾ ಅಂಜಿದ್ದೆ. ಇಷ್ಟರ ಸಲುವಾಗಿ ನೀವು ಕಳ್ಳ ಅನಿಸಿಕೊಂಡ್ರಿ.

ಆ ವ್ಯಾಪಾರಿಗೂ ಬರದೀನಿ. ಅಂವ ಬ್ಯಾರೆ ಕಡೆ ಮಾಲು ಹಿಡದಾನಂತ. ತನಗ ಖೇದ ಅದ ಅಂತ ಬರದಾನ.

ನೀವು ಬರೀಬೇಕಂತ ಕೇಳೂದಿಲ್ಲ.

ಶಾಂತಲಿಂಗಪ್ಪ


ಸೊಲ್ಲಾಪುರ
೨೦-೨-೧೯೭೮

ಶ್ರೀ ಶಾಂತಲಿಂಗಪ್ಪ ಮೈಂದರ್ಗಿ ಅವರಿಗೆ ಅಣ್ಣಾರಾಯನ ಶರಣು.

ನಮ್ಮ ಕಸ್ತೂರಿಯ ಲಗ್ನ ದುಧನಿಯ ಶಟಗಾರ ಅವರ ಎರಡನೆಯ ಮಗನ ಸಂಗಾಟ ನಿಶ್ಚಯ ಆಗ್ಯದ. ಲಗ್ನ ಮೇ ತಿಂಗಳು ಏಳನೇ ತಾರೀಖು, ಅಕ್ಕಲಕೋಟ್ಯಾಗ, ಮುಕ್ತಾಬಾಯಿಯವರ ಮನಿ ಮುಂದಿನ ಹಂದರದಾಗ. ಲಗ್ನಪತ್ರಿಕಿಯೊಳಗ ತಮ್ಮ ಹೆಸರು ಹಾಕಿಸೀವಿ. ತಾವು ಸಹಕುಟುಂಬ ಬರಬೇಕು. ತಮಗ ರಜಾದ ತೊಂದ್ರಿ ಇದ್ರ ತಿಳಸಬೇಕು, ನಾವು ತಪ್ಪು ತಿಳಕೊಳ್ಳೂದಿಲ್ಲ.

ತಮ್ಮ ವಿಶ್ವಾಸಿ,
ಅಣ್ಣಾರಾಯ ಮೈಂದರ್ಗಿ


ಲಂಡನ್
೨೬-೫-೧೯೭೮

ಸೌ. ವೈನಿಯವರಿಗೆ ಶರಣು.

ನಾವಿಬ್ಬರೂ ಸುರಕ್ಷಿತ ಬಂದು ಮುಟ್ಟಿದಿವಿ. ಕಸ್ತೂರಿ ದುಧನಿಯೊಳಗ ಹೊಂದಿಕೊಂಡಾಳೇನು? ಗಿರಿಜಾ ಅಕಿನ್ನ ಬಾಳ ನೆನಸತಾಳ.

ಲಗ್ನದ ಗದ್ದಲದಾಗ ನಿಮ್ಮ ಮುಂದ ಹೇಳಾಕ ಆಗಲಿಲ್ಲ. ಫೆಬ್ರುವರಿಯೊಳಗ ಅಣ್ಣನ ಪತ್ರ ಬಂದಾಗ, ತಾವು ಅಂತ ಬರದದ್ದು ನೋಡಿ, ಎಲ್ಲಾರಿಗೂ ಒಂದ ಥರಾ ಬರದಾರ, ಲಗ್ನದ ಅವಸರ ಅಂತ ಸಮಾಧಾನ ಮಾಡಿಕೊಂಡಿದ್ದೆ. ಅಕ್ಕಲಕೋಟ್ಯಾಗ ಬಸ್ಸಿನಿಂದ ಇಳದ್ರ ಅಣ್ಣ ತಾನ ನಿಂತಿದ್ದ. ಕಾಲು ಮುಟ್ಟಾಕ ಬಗ್ಗಿದೆ. ಎರಡೂ ತೋಳು ಹಿಡದು ಎಬ್ಬಿಸಿ, “ಬರ್ರಿ. ದಾರ್ಯಾಗ ತ್ರಾಸ ಆಗಲಿಲ್ಲಲ್ರಿ?” ಅಂದ.

ವೈನಿ, ನನ್ನ ಜನ್ಮದಾಗ ಅಂವ ನನಗ ರೀ ಅಂದಿರಲಿಲ್ಲ. ಬಯ್ದಾನ, ಕಪಾಳಕ್ಕ ಹೊಡದಾನ, ಮ್ಯಾಟ್ರಿಕ್ ಪಾಸಾದಾಗ ಎಲ್ಲಾರ ಮುಂದ “ಮಂಗ್ಯಾ” ಅಂತ ಎತಗೊಂಡು ತಿರಗ್ಯಾನ. ನಾಲ್ಕೂ ದಿನ ರೀ ಅಂದ. ಬೀಗರಿಗೆ “ಇವರು ನಮ್ಮ ತಮ್ಮಂದ್ರು, ಲಂಡನ್ನಿನಾಗ ಇರತಾರ” ಅಂತ ಹೇಳಿದ. ಊಟದ ಪಂಕ್ತಿಯೊಳಗ ನನ್ನ ಎಲಿ ಮುಂದ ನಿಂತು, “ಇನ್ನೊಂದು ಹೋಳಿಗಿ ತಗೋರಿ” ಅಂದ. ನೋಡಿದವರು, ಏನು ಪ್ರೀತಿ, ಏನು ಮಾನ ಕೊಡತಾರ ತಮ್ಮಗ ಅಂದ್ರು. ತಪ್ಪು ಹುಡಕೂ ಹಂಗ ಏನೂ ಇರಲಿಲ್ಲ. ನಾ ಹೋಳಿಗಿ ಎಲಿಯೊಳಗ ಬಿಟ್ಟು ಎದ್ದೆ.

ಮರುದಿನ ಅಂವ ಹಂದರದಾಗ ಒಬ್ಬನ ಜಮಖಾನಿ ಮಡಚಾಕತ್ತಿದ್ದ. ನಾ ಹೋಗಿ ಇನ್ನೊಂದು ತುದಿ ಹಿಡದೆ. ಎರಡು ಜಮಖಾನಿ ಮಡಚಿದಿವಿ. “ಅಣ್ಣಾ, ನನಗ ಬಯ್ರಿ” ಅಂದೆ. ಮಡಚಿದ್ದನ್ನ ಕೆಳಗ ಇಟ್ಟು, “ಬಿಸಲು ಬಾಳ ಅದ, ನಿಮಗ ರೂಢಿ ಇಲ್ಲ. ಒಳಗ ಕುಂಡ್ರಿ” ಅಂದ. ನಾ ಒಳಗ ಹೋಗಿ ಕುಂತೆ. ಬ್ಯಾರೆ ಏನು ಮಾಡಬೇಕಿತ್ತು ಅಂತ ಇಲ್ಲಿಗೆ ಬರೂತನಕ ವಿಚಾರ ಮಾಡೀನಿ, ತಿಳಿದಿಲ್ಲ.

ಪತ್ರ ಬರೀಬ್ಯಾಡ ಅಂತ ಅಂವ ಅಂದ್ರ ಬಿಡತೀನಿ. ಕೇಳಿ ತಿಳಸ್ರಿ.

ಶಾಂತಲಿಂಗಪ್ಪ


ಸೊಲ್ಲಾಪುರ
೧೫-೬-೧೯೭೮

ಚಿ. ಶಾಂತಲಿಂಗಪ್ಪಗ ಆಶೀರ್ವಾದ.

ಕಸ್ತೂರಿ ಆರಾಮ ಅದಾಳ. ಅತ್ತಿ ಮಾವ ಒಳ್ಳೆಯವರು. ಮಳಿ ಎರಡು ಸಲ ಬಂದು ಹೋತು, ಧೂಳು ಅಡಗ್ಯದ.

ನಾ ಅವರಿಗೆ ನೇರ ಕೇಳಿದೆ. ದುಕಾನದಿಂದ ಬಂದು ಕೈಕಾಲು ತೊಳಕೊಂಡು ಕುಂತಿದ್ರು. “ಸ್ವಂತ ತಮ್ಮಗ ರೀ ಅಂತೀರಿ, ಹೊರಗಿನವರಗತೆ. ಅಂವ ಸಾಯಬೇಕೇನು?” ಅಂದೆ. ಕೈ ಒರಸಿಕೊಂಡ್ರು. ಆಮ್ಯಾಲ ಹೇಳಿದ್ದು ಇಷ್ಟು:

“ನೀ ಅಂತ ಬಾಯಿ ತೆರದ್ರ ಅದರ ಹಿಂದ ಎಲ್ಲಾ ಬರತದ, ನೀಲಾ. ಬಂದ್ರ ನಿಲ್ಲಸಾಕ ಆಗೂದಿಲ್ಲ. ನಾಲ್ಕು ದಿನಕ್ಕ ಬಂದವ ಅದನ್ನೆಲ್ಲಾ ಹೊತಗೊಂಡು ಅಷ್ಟು ದೂರ ಹೋಗಬೇಕು. ರೀ ಅಂದ್ರ ಅದು ನನ್ನ ಹತ್ರಾನ ಉಳೀತದ.”

“ಇನ್ನ ಎಷ್ಟು ವರ್ಷ ಇಟ್ಟಕೋತೀರಿ?” ಅಂದೆ. “ನನಗ ಗೊತ್ತಿಲ್ಲ” ಅಂದ್ರು.

ಮಾಫ್ ಮಾಡ್ಯಾರ ಅಂತ ನಾ ಬರೀಲಾರೆ. ಸುಳ್ಳು ಬರದು ನಿನಗ ಸಮಾಧಾನ ಮಾಡಿದ್ರ ನಾಳೆ ನೀ ಬಂದಾಗ ಮತ್ತ “ಬರ್ರಿ” ಅಂತಾರ, ಆಗ ನೀ ಇನ್ನಷ್ಟು ಕುಗ್ಗತಿ. ಆದ್ರ ನಿನ್ನ ಎದುರಿಗೆ ರೀ ಅಂದವರು ನನ್ನ ಮುಂದ ಇನ್ನೂ ಅಂವ ಅಂತಾರ. ಅದನ್ನ ನಾ ಕಿವಿಯಾರೆ ಕೇಳೀನಿ, ಅದಕ್ಕ ಬರದೀನಿ.

ನೀ ಬರೀತಿರು. ನಿನ್ನ ಈ ಪತ್ರ ಬಂದಾಗ ನಾ ಒಡದು, ಅವರು ಎದ್ದು ಹೋಗತಾರಂತ, ಮನಸ್ಸಿನ್ಯಾಗ ಓದಾಕ ಹತ್ತಿದ್ದೆ. ಎದ್ದು ಹೋಗಲಿಲ್ಲ. ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ರು. ಅಲ್ಲಿಂದನ “ಸುರಕ್ಷಿತ ಮುಟ್ಟ್ಯಾನಂತೇನು?” ಅಂತ ಕೇಳಿದ್ರು.

ಮುಟ್ಟ್ಯಾನಂತ ಅಂದೆ.

ನಿಮ್ಮ ವೈನಿ,
ನೀಲಾಬಾಯಿ